ನೊಣಕ್ಕೆ ನಾಲ್ಕು ಫೋಟೋ

ಸಿದ್ದೇಶ್ವರ ಇನ್ನಿಲ್ಲವೆಂಬುದು ಮನೆಯವರಿಗೆ ತಿಳಿದದ್ದು ಅವನು ಕಾಣೆಯಾದ ಇಪ್ಪತ್ತೊಂದನೆಯ ದಿನ, ಸೋಮವಾರ ಬೆಳಿಗ್ಗೆ. ಅವನ ಹೆಂಡತಿ ಗಂಗಾಂಬಿಕೆ ರೇಷ್ಮೆಹುಳು ಸಾಕುವ ಮನೆಯಲ್ಲಿ ಒಣಗಿದ ಸೊಪ್ಪಿನ ಕುಕ್ಕೆಯನ್ನು ಬೋರಲು ಹಾಕಿದಾಗ ಒಳಗಿಂದ ಗಂಡನ ಬೆಳ್ಳಿಯ ಕರಡಿಗೆ ಉರುಳಿತು. ಇಷ್ಟಲಿಂಗ ಅದರೊಳಗೇ ಇತ್ತು. ಕೊರಳಿಗೆ ಕಟ್ಟುವ ಶಿವದಾರ ಹರಿದಿತ್ತು.

"ಬಾವ, ಇಲ್ಲಿ ಬನ್ನಿ! ಇವ್ರು ಲಿಂಗ ಇಲ್ಲೇ ಬೀಳುಸ್ಕೊಂಡು ಓಗವ್ರೆ."

ಗಂಡನ ಅಣ್ಣ ಪಂಚಾಕ್ಷರಯ್ಯನವರು ಬಂದರು, ನೋಡಿದರು, ಜೇಬಿನ ಮೊಬೈಲಿಗೆ ಕೈ ಹಾಕಿದರು.

ಅವರು ಮೂವತ್ತು ವರ್ಷ ರೇಷ್ಮೆ ಇಲಾಖೆಯಲ್ಲಿದ್ದು ನಿವೃತ್ತರಾದವರು. ಊಜಿ ನೊಣ ರೇಷ್ಮೆಹುಳುವಿನ ಮೈಮೇಲೆ ಮೊಟ್ಟೆಯಿಡುತ್ತದೆ. ಮರಿ ಒಳಹೊಕ್ಕು ಹುಳುವನ್ನು ಜೀವಂತವಾಗಿ ತಿನ್ನುತ್ತದೆ. ಮನೆನೊಣಕ್ಕಿಂತ ಅದು ದೊಡ್ಡದು, ಹೊಟ್ಟೆಯ ಮೇಲೆ ಬಿರುಸು ಕೂದಲು. ಕಂಡ ನೊಣ ಊಜಿಯೋ ಅಲ್ಲವೋ ಎಂದು ಅರಕಲಗೂಡಿನಿಂದ ಚನ್ನರಾಯಪಟ್ಟಣದವರೆಗೆ ರೈತರು ಈಗಲೂ ಅವರ ಮೊಬೈಲಿಗೆ ಫೋಟೋ ಕಳಿಸುತ್ತಿದ್ದರು.

"ಒಂದ್ ಫೋಟೋಲಿ ಯೋಳಕ್ಕಾಗಲ್ಲ ಕಣ್ಲಾ. ಬೆನ್ನು, ಮಕ, ರೆಕ್ಕೆ, ಒಟ್ಟೆ, ನಾಕೂ ಕಳ್ಸು," ಎನ್ನುವರು.

"ಎಣ್ ನೋಡಕ್ ಬಂದೋರೂ ಇಷ್ಟ್ ಕೇಳಾಕಿಲ್ಲ ಬುಡಿ ಸಾ," ಎಂದು ರಾಮನಾಥಪುರದ ಕಡೆಯ ಶಾಂತರಾಜು ನಗುವನು. "ಕೂದ್ಲೇ ಕಾಣಾಕಿಲ್ಲ, ಊಜಿ ಅಲ್ಲ."

"ಹುಳದ ಹಾಸಿಗೆಗೆ ಉದುರ್ಸೋ ಸುಣ್ಣ ಮೆತ್ಕಂಡದೆ ಕಣ್ಲಾ ಅದ್ಕೆ. ಒರಸ್ಬುಟ್ಟು ಇನ್ನೊಂದ್ ತೆಗಿ. ಕಾಣ್ನಿಲ್ಲ ಅಂದ್ರೆ ಇಲ್ಲ ಅಂತಲ್ಲ."

ಸಿದ್ದೇಶ್ವರನಿಗೆ ಎರಡು ವರ್ಷದಿಂದ ಮರೆವು. ಹೊಳೆನರಸೀಪುರದಲ್ಲಿ ಯಾವುದೋ ಬಸ್ಸು ಹತ್ತಿದನೆಂದಷ್ಟೇ ಗೊತ್ತಾಗಿತ್ತು. ಒಂಬತ್ತನೆಯ ದಿನ ಹಿರೀಸಾವೆ ಕಡೆಯ ಪೊಲೀಸರು, ದೂರು ಕೊಟ್ಟಿದ್ದ ಪಂಚಾಕ್ಷರಯ್ಯನವರಿಗೆ ಒಂದು ಫೋಟೋ ಕಳಿಸಿದರು. ಹೆದ್ದಾರಿಯ ಪಕ್ಕದ ಹಳ್ಳದಲ್ಲಿ ಸಿಕ್ಕ ಮುದುಕ. ನೀರು ಕುಡಿದು ಊದಿದ ಮುಖ. ಎದೆಯ ಮೇಲೆ ಲಿಂಗವಿರಲಿಲ್ಲ. "ನನ್ನ ತಮ್ಮ ಲಿಂಗ ಬಿಟ್ಟು ಹೊಸಲು ದಾಟೋನಲ್ಲ. ಇವನಲ್ಲ," ಎಂದುಬಿಟ್ಟರು. ಇನ್ನೊಂದು ಫೋಟೋ ಕೇಳಲಿಲ್ಲ. ಹೆದರಿಸುವುದೇಕೆಂದು ಮನೆಯಲ್ಲೂ ಹೇಳಲಿಲ್ಲ. ವಾರಸುದಾರರು ಬಾರದ ಹೆಣವನ್ನು ಅಲ್ಲೇ ಹೂಳಿದ್ದರು.

ಈಗ ಮೊಬೈಲು ತೆಗೆದರು. ಆ ಫೋಟೋ ಎರಡು ನೊಣಗಳ ನಡುವೆ ಇನ್ನೂ ಇತ್ತು. ಈ ಸಲ ನೊಣವನ್ನು ನೋಡುವಂತೆಯೇ ನೋಡಿದರು: ಹುಬ್ಬು, ಮೂಗು, ಕಿವಿ. ಚಿಕ್ಕಂದಿನಲ್ಲಿ ತೊಟ್ಟಿದ್ದ ಕಡಕು ಸಿಕ್ಕಿಕೊಂಡು ಸೀಳಿದ ಎಡಗಿವಿಯ ಹಾಲೆ ಸ್ಪಷ್ಟವಾಗಿ ಕಂಡಿತು.

ಫೋಟೋ ಈಗತಾನೇ ಬಂತೆಂದು ಹೇಳಿದ್ದರೆ ಗಂಗಾಂಬಿಕೆ ನಂಬುತ್ತಿದ್ದಳು. ನಾಲಿಗೆಯ ತುದಿಗೆ ಬಂದ ಆ ಮಾತನ್ನು ನುಂಗಿ, ಇದ್ದದ್ದನ್ನೆಲ್ಲ ಹೇಳಿದರು.

ಅವಳು ಅಳಲಿಲ್ಲ. ಬಹಳ ಹೊತ್ತು ಕರಡಿಗೆಯನ್ನು ಸೆರಗಿನಿಂದ ಒರೆಸಿದಳು.

"ನೊಣುಕ್ ನಾಕ್ ಫೋಟೋ ಕೇಳ್ತೀರಿ ಬಾವ. ಇವ್ರಿಗೆ ಒಂದೇ ಸಾಕಾಯ್ತಾ?"

ಅವರು ಹಿರೀಸಾವೆಯ ಪೊಲೀಸರಿಗೆ ಫೋನು ಮಾಡಿ, ಹೂಳಿದ ಜಾಗ ಕೇಳಿದರು.

ಲಿಂಗಾಯತರಾದ ಅವರಲ್ಲಿ ಸತ್ತವರನ್ನು ಗುಣಿಯಲ್ಲಿ ಕೂರಿಸಿ, ವಿಭೂತಿ ಹಚ್ಚಿ, ಎಡ ಅಂಗೈಯಲ್ಲಿ ಲಿಂಗವಿಟ್ಟು ಮಣ್ಣು ಮಾಡುತ್ತಾರೆ. ಸಿದ್ದೇಶ್ವರನನ್ನು ಅಂಗಾತ ಮಲಗಿಸಿದ್ದರು. ಮರುದಿನ ಹಿರೀಸಾವೆಯಲ್ಲಿ, ಗುಣಿ ತೋಡಿದ್ದ ಗಂಗಯ್ಯ ಇಬ್ಬರಿಗೂ ಜಾಗ ತೋರಿಸಿದ.

"ಯಾರಾರ ಉಡುಕ್ಕೊಂಡ್ ಬಂದಾರು ಅಂತ ಕಲ್ಲಿಟ್ಟಿದ್ದೆ ಸಾಮಿ. ತಲೆ ಈ ಕಡೀಕದೆ."

"ತಾಲ್ಲೂಕಾಫೀಸಿಗೆ ಅರ್ಜಿ ಕೊಟ್ಟು ತೆಗಿಸ್ತೀನಮ್ಮ. ಕೂರ್ಸಿ ಮಣ್ಣು ಮಾಡಾಣ," ಎಂದರು ಪಂಚಾಕ್ಷರಯ್ಯನವರು.

"ಬ್ಯಾಡಿ ಬಾವ. ದಾರಿ ತಪ್ಪಿ ಅಲ್ದು ಅಲ್ದು ಸುಸ್ತಾಗವ್ರೆ. ಎಬ್ಬುಸ್ಬ್ಯಾಡಿ."

ಅವರು ಕೈ ಚಾಚಿದರೂ ಗಂಗಾಂಬಿಕೆ ಲಿಂಗವನ್ನು ಅವರಿಗೆ ಕೊಡಲಿಲ್ಲ. ತಾನೇ ಮಂಡಿಯೂರಿ, ಎಡಗೈ ಇರಬಹುದಾದ ಕಡೆ ಮೊಳದಾಳ ಬಗೆದು, ಇಟ್ಟು, ಮಣ್ಣೆಳೆದಳು. ಪಂಚಾಕ್ಷರಯ್ಯನವರು ನಾಲ್ಕು ಹೆಜ್ಜೆ ಹಿಂದೆ ನಿಂತು ಕೈಮುಗಿದರು.

"ಶಿವನೇ, ನನ್ನ ಒಡಹುಟ್ಟಿದವನನ್ನು ನಾನು ಅಲ್ಲವೆಂದೆ. ನೀನು ಹಾಗೆನ್ನಬೇಡ. ತಪ್ಪು ನನ್ನದು, ಅವನ ಲೆಕ್ಕಕ್ಕೆ ಹಿಡಿಯಬೇಡ. ಹೆಸರು ಮರೆತು ಬಂದಿದ್ದಾನೆ, ಕೇಳದೆ ಒಳಗೆ ಕರೆದುಕೊ. ಸಿದ್ದೇಶ್ವರನಿಗೆ ಶಾಂತಿ ಕೊಡು ತಂದೆ."