ಏಳನೇ ಗುಂಡಿಯ ಬಾಟಲಿ

ದೀಪದ ಮೇಷ್ಟ್ರು ಅಂದರೆ ಆ ವಿಶ್ವವಿದ್ಯಾಲಯದಲ್ಲಿ ಗೇಟು ಕಾಯುವವನಿಗೂ ಗೊತ್ತು. ಪ್ರಾಚೀನ ರೋಮಿನ ಇತಿಹಾಸ ಅಂದರೆ ಏನು ಎತ್ತ ಅಂತ ಅವನಿಗೆ ತಿಳಿಯದು. ಆದರೆ ಮೇಷ್ಟ್ರ ಕೋಣೆ ಎರಡನೇ ಮಹಡಿಯ ಕೊನೆಗಿದೆ, ಅಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಅಂಗೈಯಗಲದ ಒಂದು ಮಣ್ಣಿನ ದೀಪ ಇದೆ, ಅದರ ಹತ್ತಿರ ಪೊರಕೆ ತಗೊಂಡು ಹೋದರೂ ಬೈಸಿಕೊಳ್ಳಬೇಕಾಗುತ್ತದೆ ಅನ್ನುವುದು ತಿಳಿದಿದೆ. ಎಣ್ಣೆಯಿಲ್ಲದ, ಬತ್ತಿಯಿಲ್ಲದ ಆ ಒಂದು ದೀಪದ ಬೆಳಕಿನಲ್ಲಿ ಮೇಷ್ಟ್ರು ಮೂವತ್ತೊಂದು ವರ್ಷ ಉಂಡರು, ಉಟ್ಟರು, ಮನೆ ಕಟ್ಟಿದರು, ದೇಶ ದೇಶ ಸುತ್ತಿ ಭಾಷಣ ಬಿಗಿದು ಬಂದರು.

ದೀಪದ ಕಥೆ ಇಷ್ಟೇ. ಹಳೇ ರೋಮನ್ ಊರೊಂದರ ಸ್ನಾನಗೃಹವನ್ನು ಅಗೆಯುವಾಗ ಏಳನೇ ಗುಂಡಿಯಲ್ಲಿ, ಗಾರೆ ನೆಲದ ಮಟ್ಟಕ್ಕಿಂತ ಕೆಳಗೆ ಅದು ಸಿಕ್ಕಿತು. ಆಕಾರ ನೋಡಿದರೆ ತೀರ ಕೊನೆಗಾಲದ್ದು. ಆ ಹೊತ್ತಿಗೆ ಊರು ಹಾಳುಬಿದ್ದು ನೂರು ವರ್ಷ ಆಗಿತ್ತು ಅಂತ ಅಲ್ಲಿಯವರೆಗಿನ ಪುಸ್ತಕಗಳೆಲ್ಲ ಹೇಳುತ್ತಿದ್ದವು. ನೆಲದ ಕೆಳಗೆ ದೀಪ ಇದೆ ಅಂದಮೇಲೆ ನೆಲ ಹಾಕಿದ್ದು ದೀಪ ಬಿದ್ದಮೇಲೆ ತಾನೆ? ಅಂದರೆ ಹಾಳೂರು ಅನ್ನಿಸಿಕೊಂಡ ಊರಿನಲ್ಲಿ ಜನ ಹೊಸ ಸ್ನಾನಗೃಹ ಕಟ್ಟಿಕೊಂಡು, ಬಿಸಿನೀರು ಕಾಯಿಸಿಕೊಂಡು ಸುಖವಾಗಿದ್ದರು. ಇಷ್ಟು ಹೇಳುವುದಕ್ಕೆ ಮೇಷ್ಟ್ರು ನಾನೂರು ಪುಟ ಬರೆದರು. ಹಳೇ ಪುಸ್ತಕಗಳು ಮೂಲೆ ಸೇರಿದವು, ಅವನ್ನು ಬರೆದವರೂ ಮೂಲೆ ಸೇರಿದರು.

ನಿಜ ಬೇರೆ ಇತ್ತು. ಅದು ಗೊತ್ತಿದ್ದವರು ಇಬ್ಬರೇ: ಮೇಷ್ಟ್ರು ಮತ್ತು ಅವರ ಒಡಹುಟ್ಟಿದ ತಮ್ಮ.

ತಮ್ಮ ಆ ಅಗೆತದಲ್ಲಿ ನಕ್ಷೆಗಾರ. ಗುಂಡಿ ತೋಡಿ ಮುಗಿದಮೇಲೆ ಅದರ ಗೋಡೆಗಳನ್ನು ಕರಣೆಯಿಂದ ಕೆರೆದು ನುಣ್ಣಗೆ ಮಾಡಿ, ಮಣ್ಣಿನ ಒಂದೊಂದು ಪದರವನ್ನೂ ಅಳತೆ ಹಿಡಿದು ಗ್ರಾಫ್ ಹಾಳೆಗೆ ಇಳಿಸುವುದು ಅವನ ಕೆಲಸ. ಅಪ್ಪ ಅಮ್ಮ ಬೇಗ ಹೋಗಿ, ಅಣ್ಣನೇ ಓದಿಸಿ ಸಾಕಿದ ಹುಡುಗ. ಅಣ್ಣ ಹೇಳಿದ್ದೇ ಅವನಿಗೆ ವೇದವಾಕ್ಯ. ಒಂದು ವಿಷಯ ಬಿಟ್ಟು. ಕಂಡದ್ದನ್ನು ಬರೆಯದೆ ಬಿಡು, ಕಾಣದ್ದನ್ನು ಬರೆ ಅಂದರೆ ಅವನ ಕೈ ಏಳುತ್ತಿರಲಿಲ್ಲ.

ಏಳನೇ ಗುಂಡಿಯ ಪೂರ್ವದ ಗೋಡೆಯಲ್ಲಿ ಅವನಿಗೊಂದು ಓರೆಗೆರೆ ಕಂಡಿತು, ಅದನ್ನು ಹಾಗೇ ಹಾಳೆಗೆ ಇಳಿಸಿದ. ಗಾರೆ ನೆಲದ ಮೇಲಿನಿಂದ ಶುರುವಾಗಿ, ನೆಲವನ್ನು ಸೀಳಿಕೊಂಡು, ದೀಪ ಸಿಕ್ಕ ಜಾಗಕ್ಕೇ ಇಳಿದಿತ್ತು. ಗೆರೆಯ ಒಳಗೆ ಕಪ್ಪು ಮಣ್ಣು, ಹೊರಗೆ ಕೆಂಪು. ಅರ್ಥ ಸ್ಪಷ್ಟ. ನೆಲ ಹಳೆಯದೇ. ಊರು ಹಾಳುಬಿದ್ದು ಎಷ್ಟೋ ಕಾಲವಾದ ಮೇಲೆ ಯಾವನೋ ಕಳ್ಳ ಸೀಸದ ಕೊಳವೆ ಕೀಳುವುದಕ್ಕೆ ನೆಲ ಒಡೆದು ಇಳಿದಿದ್ದಾನೆ, ಕತ್ತಲಾದ್ದರಿಂದ ದೀಪ ತಂದಿದ್ದಾನೆ, ಹೋಗುವಾಗ ಅಲ್ಲೇ ಬಿಟ್ಟು ಹೋಗಿದ್ದಾನೆ. ಸ್ನಾನವೂ ಇಲ್ಲ, ಸುಖವೂ ಇಲ್ಲ.

"ಈ ಗೆರೆ ಅಳಿಸು," ಅಂದರು ಮೇಷ್ಟ್ರು. ಆಗಿನ್ನೂ ಅವರು ಹಂಗಾಮಿ ಉಪನ್ಯಾಸಕ. ಕಾಯಂ ಕೆಲಸದ ಸಂದರ್ಶನಕ್ಕೆ ಹತ್ತು ದಿನ ಇತ್ತು.

"ಗೋಡೇಲಿದೆಯಲ್ಲಣ್ಣ."

"ಅದು ಬೇರು ಹೋಗಿರೋ ಗುರುತು."

"ಬೇರು ಇಷ್ಟು ನೆಟ್ಟಗೆ ಹೋಗಲ್ಲ. ನೀನೇ ಹೇಳಿಕೊಟ್ಟಿದ್ದು."

"ಹೇಳಿಕೊಟ್ಟೋನೇ ಹೇಳ್ತಿದೀನಿ. ಅಳಿಸು."

ತಮ್ಮ ಪೆನ್ಸಿಲನ್ನು ಕಿವಿಯ ಮೇಲೆ ಸಿಕ್ಕಿಸಿಕೊಂಡು ತುಂಬ ಹೊತ್ತು ಗೋಡೆ ನೋಡಿದ. "ನಾಳೆ ಬೆಳಗ್ಗೆ ಹೇಳ್ತೀನಣ್ಣ," ಅಂದು ಊಟದ ಡಬ್ಬಿ ಎತ್ತಿಕೊಂಡು ಹೊರಟುಹೋದ.

ನಾಳೆ ಬೆಳಗಿನವರೆಗೆ ಕಾಯುವ ತಾಳ್ಮೆ ಯಾರಿಗಿದೆ? ತಮ್ಮ ಕಣ್ಮರೆಯಾದದ್ದೇ ತಡ, ಮೇಷ್ಟ್ರು ಮೇಸ್ತ್ರಿಯನ್ನು ಕರೆದು, ಪೂರ್ವದ ಗೋಡೆ ಕುಸಿಯುವ ಹಾಗಿದೆ, ಸ್ವಲ್ಪ ಸೀದಾ ಮಾಡಬೇಕು ಅಂದರು. ಇಬ್ಬರೂ ಸೇರಿ ಗೋಡೆಯನ್ನು ಒಂದು ಮೊಳ ಕತ್ತರಿಸಿದರು. ಕಳ್ಳನ ಗುಂಡಿಯ ಉಳಿದ ಅಂಚು ಅಷ್ಟರಲ್ಲೇ ಮುಗಿದುಹೋಯಿತು. ಒಮ್ಮೆ ಅಗೆದ ಮಣ್ಣನ್ನು ಮತ್ತೆ ಅದರ ಪದರದಲ್ಲಿ ಕೂರಿಸುವುದಕ್ಕೆ ಯಾರ ಕೈಲೂ ಆಗದು, ಅದೇ ಆ ಕಸುಬಿನ ಕಷ್ಟ, ಕಳ್ಳರಿಗೆ ಅದೇ ಅನುಕೂಲ. ಆಮೇಲೆ ಮನೆಗೆ ಹೋಗಿ ಕಾಗದ ಬರೆದರು. ನಕ್ಷೆಗಾರ ಕುಡಿದು ಕೆಲಸಕ್ಕೆ ಬರುತ್ತಾನೆ, ಅಳತೆ ತಪ್ಪುತ್ತಾನೆ, ಇಲ್ಲದ ಗೆರೆ ಎಳೆಯುತ್ತಾನೆ; ಒಡಹುಟ್ಟಿದವನಾದರೂ ಸತ್ಯ ಮುಚ್ಚಿಡಲಾರೆ. ಸತ್ಯ ಅನ್ನುವ ಮಾತಿನ ಕೆಳಗೆ ಒಂದು ಗೆರೆ ಬೇರೆ ಎಳೆದರು. ತಮ್ಮ ಅಲ್ಲಿಯವರೆಗೆ ಹೆಂಡದ ಬಾಟಲಿಯನ್ನು ಕೈಯಲ್ಲಿ ಮುಟ್ಟಿದವನಲ್ಲ.

ಬೆಳಗ್ಗೆ ಮೇಷ್ಟ್ರು ಗುಂಡಿಯ ಹತ್ತಿರ ಹೋಗಲಿಲ್ಲ. ನೆಟ್ಟಗೆ ಅಗೆತದ ನಿರ್ದೇಶಕರ ಮನೆಗೆ ಹೋದರು. ನಿರ್ದೇಶಕರು ಗಡ್ಡ ಹೆರೆದುಕೊಳ್ಳುತ್ತಿದ್ದರಂತೆ, ವರಾಂಡದಲ್ಲಿ ಕಾದು ಕೂತು, ಗಡಿಯಾರ ಒಂಬತ್ತು ಹೊಡೆದಾಗ ಕಾಗದ ಕೊಟ್ಟರು. ಮಧ್ಯಾಹ್ನಕ್ಕೆ ನಿರ್ದೇಶಕರು ತಗಡಿನ ಶೆಡ್ಡಿನಲ್ಲಿ ತಮ್ಮನನ್ನು ನಿಲ್ಲಿಸಿಕೊಂಡು ಅದನ್ನು ಗಟ್ಟಿಯಾಗಿ ಓದಿದರು. ಅಷ್ಟರಲ್ಲಿ ತಮ್ಮ ಏಳನೇ ಗುಂಡಿ ಮುಚ್ಚಿಸಿ ಬಂದಿದ್ದ, ಮೊಣಕೈವರೆಗೂ ಮಣ್ಣು. ಅವನು ಅಣ್ಣನ ಮುಖವನ್ನೇ ನೋಡುತ್ತ ನಿಂತಿದ್ದ. "ಏನು ಹೇಳ್ತೀಯಾ?" ಅಂದರು ನಿರ್ದೇಶಕರು.

"ಅಣ್ಣ ಬರೆದಿದಾರಲ್ಲ, ಸರಿಯಾಗೇ ಇರುತ್ತೆ," ಅಂದ ತಮ್ಮ. ಅಷ್ಟೇ. ಅದು ಸೊಕ್ಕು ಅಂತ ಮೇಷ್ಟ್ರು ಆವತ್ತು ಅಂದುಕೊಂಡರು, ಹಾಗೆ ಅಂದುಕೊಂಡದ್ದರಿಂದ ಮಧ್ಯಾಹ್ನದ ಊಟ ಚೆನ್ನಾಗಿ ಸೇರಿತು.

ಕುಡುಕ ಅನ್ನುವ ಹೆಸರು ಕಾಲು ಕಟ್ಟಿಕೊಂಡು ಓಡಾಡಿತು. ಆಮೇಲೆ ಯಾವ ಅಗೆತದವರೂ ಅವನನ್ನು ಸೇರಿಸಿಕೊಳ್ಳಲಿಲ್ಲ. ಕೂದಲೆಳೆಯಷ್ಟು ಪದರವನ್ನೂ ಬಿಡದೆ ಬರೆಯುತ್ತಿದ್ದ ಕೈ ಅಂಗಡಿ ಬೋರ್ಡು ಬರೆಯಿತು, ಲಾರಿಗಳ ಹಿಂದೆ ನಂಬರು ಬರೆಯಿತು. ಹದಿನೈದು ವರ್ಷ ಕುಡಿಯದೆ ಕುಡುಕನಾಗಿದ್ದವನು ಕೊನೆಗೆ ಕುಡಿಯುವುದನ್ನೂ ಕಲಿತ. ಆಗ ಮೇಷ್ಟ್ರು ಸಿಕ್ಕಸಿಕ್ಕವರಲ್ಲಿ, "ನಾನು ಅವತ್ತೇ ಹೇಳಿದ್ದೆ, ನೀವ್ಯಾರೂ ನಂಬಲಿಲ್ಲ," ಅಂದರು. ಐವತ್ತೆರಡಕ್ಕೆ ತಮ್ಮ ಸತ್ತ. ಮೇಷ್ಟ್ರು ಹೋಗಿ ಹೆಗಲು ಕೊಟ್ಟು ಬಂದರು.

ತಮ್ಮನಿಗೊಬ್ಬಳು ಮಗಳು. ಬೇರೆ ಓದು ಸಿಗಲಿಲ್ಲವೋ ಏನೋ, ಅವಳೂ ರೋಮನ್ ಇತಿಹಾಸವನ್ನೇ ಹಿಡಿದಳು, ಅದೂ ದೊಡ್ಡಪ್ಪನ ವಿಶ್ವವಿದ್ಯಾಲಯದಲ್ಲೇ. ಆರು ವರ್ಷ ಒದ್ದಾಡಿ ಡಾಕ್ಟರೇಟಿಗೆ ಪ್ರಬಂಧ ಬರೆದಳು. ಅದರ ತಿರುಳು ಒಂದೇ: ದೀಪ ಬಿದ್ದದ್ದು ಕಳ್ಳನ ಗುಂಡಿಗೆ, ಅದನ್ನು ಕಂಡು ಬರೆದ ನಕ್ಷೆಗಾರನಿಗೆ ಅನ್ಯಾಯವಾಗಿದೆ. ಸುಳಿವು ದೊಡ್ಡಪ್ಪನ ಹಳೇ ಕಾಗದದಲ್ಲಿದ್ದ 'ಇಲ್ಲದ ಗೆರೆ' ಅನ್ನುವ ಮಾತು, ಪುರಾವೆ ಇಲ್ಲ. ಕಚೇರಿಯ ಕಪಾಟಿನಲ್ಲಿ ಇದ್ದದ್ದು ಮೇಷ್ಟ್ರೇ ಬರೆದಿಟ್ಟ ಶುದ್ಧಪ್ರತಿ, ಅದರಲ್ಲಿ ಗೆರೆ ಎಲ್ಲಿಂದ ಬರಬೇಕು? ಹಾಗಾಗಿ ಏಳನೇ ಗುಂಡಿ ಮತ್ತೆ ತೆರೆಯಲು ಅನುಮತಿ ಕೊಡಿ ಅಂತ ಅರ್ಜಿ ಹಾಕಿದಳು. ಅನುಮತಿ ಕೊಡುವ ಸಮಿತಿಯ ಅಧ್ಯಕ್ಷರು ಯಾರು? ಇನ್ಯಾರು, ದೀಪದ ಮೇಷ್ಟ್ರೇ. ಅವರ ಹೆಸರಿನ ವಸ್ತುಸಂಗ್ರಹಾಲಯದ ಉದ್ಘಾಟನೆಗೆ ಎರಡು ತಿಂಗಳಷ್ಟೇ ಉಳಿದಿತ್ತು.

"ಗುಂಡಿ ತೆರೆದು ಏನು ನೋಡ್ತೀಯಮ್ಮ?" ಅಂದರು, ಎರಡನೇ ಮಹಡಿಯ ಕೋಣೆಯಲ್ಲಿ ಅವಳನ್ನು ಕೂರಿಸಿಕೊಂಡು.

"ತಳದಲ್ಲಿ ಬಾಟಲಿ ಇರುತ್ತಲ್ಲ ದೊಡ್ಡಪ್ಪ."

ಅಗೆಯುವವರಲ್ಲಿ ಒಂದು ರೂಢಿ ಇದೆ. ಗುಂಡಿ ಮುಚ್ಚುವ ಮುಂಚೆ ತಳದಲ್ಲಿ ಆ ವರ್ಷದ ಒಂದು ನಾಣ್ಯ, ಬಾಟಲಿಯೊಳಗೆ ಒಂದು ಹಾಳೆ ಇಟ್ಟು ಮುಚ್ಚುತ್ತಾರೆ. ನಮಗಿಂತ ಮುಂಚೆ ಯಾರೋ ಇಲ್ಲಿ ಇಳಿದಿದ್ದರು ಅಂತ ಮುಂದಿನವರಿಗೆ ತಿಳಿಯಲಿ ಅಂತ. ಆ ಬೆಳಗ್ಗೆ ಮುಚ್ಚಿಸಿದವನು ತಮ್ಮ. ಮೇಷ್ಟ್ರು ಗೋಡೆ ಕತ್ತರಿಸಿದ್ದರು, ಶುದ್ಧಪ್ರತಿ ಬದಲಿಸಿದ್ದರು, ತಮ್ಮನನ್ನೇ ಅಳಿಸಿ ಹಾಕಿದ್ದರು. ಬಾಟಲಿಯನ್ನು ಮಾತ್ರ ಮರೆತಿದ್ದರು.

"ಅಪ್ಪ ಆಸ್ಪತ್ರೇಲಿ ಹೇಳಿದ್ರು," ಅಂದಳು ಅವಳು. "ನಾನು ಬರೆದ ಕೊನೇ ಹಾಳೆ ಏಳನೇ ಗುಂಡಿ ತಳದಲ್ಲಿದೆ ಅಂತ."

"ಅಷ್ಟೇ ಹೇಳಿದ್ನಾ?"

"ಅದು ಅಲ್ಲೇ ಇರಲಿ ಅಂದ್ರು. ನಿಮ್ಮ ಮೇಲಿನ ಹೆದರಿಕೆ, ಅದಕ್ಕೇ ಹಾಗಂದಿದ್ದು."

ಬೇಡ ಅನ್ನುವ ಹಾಗಿಲ್ಲ. ಬೇಡ ಅಂದರೆ ಸಮಿತಿಯ ಇನ್ನಿಬ್ಬರು ಹುಬ್ಬೇರಿಸುತ್ತಾರೆ. ಮೇಷ್ಟ್ರು ಕನ್ನಡಕ ಒರೆಸಿಕೊಂಡು, "ಆ ಹಾಳೆ ನಿನ್ನ ಮಾತಿಗೆ ಸಾಕ್ಷಿ ಹೇಳದಿದ್ರೆ?" ಅಂದರು.

"ಪ್ರಬಂಧ ವಾಪಸ್ ತಗೋತೀನಿ."

"ಬರೆದುಕೊಡು."

ಅವಳು ಅಲ್ಲೇ ಕೂತು ಬರೆದು ಸಹಿ ಹಾಕಿದಳು. ಅಕ್ಷರ ಥೇಟು ಅಪ್ಪನದೇ.

ಆಮೇಲಿನ ಒಂಬತ್ತು ದಿನ ಮೇಷ್ಟ್ರಿಗೆ ತುತ್ತು ಗಂಟಲಲ್ಲಿ ಇಳಿಯಲಿಲ್ಲ. "ಏನ್ರೀ, ತಟ್ಟೆ ಹಾಗೇ ಬಿಟ್ಟು ಎದ್ರಿ?" ಅಂದಳು ಹೆಂಡತಿ. ಸಂಗ್ರಹಾಲಯದ ಕೆಲಸದ ಗಡಿಬಿಡಿ ಅಂದರು. ಅವರು ತಯಾರಾಗುತ್ತಿದ್ದದ್ದು ಬೇರೆಯದಕ್ಕೆ. ಗೆರೆ ಇರುವ ಹಾಳೆ ಹೊರಗೆ ಬಂದರೆ ಏನು ಹೇಳಬೇಕು ಅನ್ನುವುದನ್ನು ಬಾಯಿಪಾಠ ಮಾಡುತ್ತಿದ್ದರು: ಕುಡುಕನ ಕೈ, ನಡುಗುವ ಕೈ, ಪಾಪ, ಸತ್ತವನ ಬಗ್ಗೆ ಹೆಚ್ಚು ಮಾತು ಬೇಡ. ಕನ್ನಡಿಯ ಮುಂದೆ ನಿಂತು ಪಾಪ ಅನ್ನುವುದನ್ನು ನಾಲ್ಕು ಥರ ಹೇಳಿ ನೋಡಿದರು.

ಗುಂಡಿ ತೆರೆದ ದಿನ ಬಿಸಿಲು ಚುರುಕಾಗಿತ್ತು. ಮೇಷ್ಟ್ರು ಮಡಿಸುವ ಕುರ್ಚಿಯಲ್ಲಿ ಕೊಡೆ ಹಿಡಿದು ಕೂತಿದ್ದರು, ಪಕ್ಕದಲ್ಲಿ ಸಮಿತಿಯ ಇಬ್ಬರು. ಹಿಂದೆ ಮುಚ್ಚಿದ ಮಣ್ಣು ಸಡಿಲವಾಗಿದ್ದದ್ದರಿಂದ ಆಳುಗಳು ಬೇಗ ಇಳಿದರು. ತಳ ಹತ್ತಿರ ಬಂದಾಗ ತಮ್ಮನ ಮಗಳು ಅವರನ್ನು ಮೇಲೆ ಕಳಿಸಿ, ತಾನೇ ಮೊಣಕಾಲೂರಿ ಕರಣೆಯಿಂದ ಕೆದಕಿದಳು. ಮೊದಲು ನಾಣ್ಯ ಸಿಕ್ಕಿತು. ಅದರ ಕೆಳಗೆ ಕಂದುಬಣ್ಣದ ಔಷಧದ ಬಾಟಲಿ, ಬಾಯಿಗೆ ಮೇಣ.

ಅವಳು ಅದನ್ನು ಎದೆಗವಚಿಕೊಂಡು ಏಣಿ ಹತ್ತಿ ಬಂದಳು. ಮೇಣ ಕೆರೆದು, ಸುರುಳಿ ಎಳೆದು, ಮೇಜಿನ ಮೇಲೆ ಬಿಡಿಸಿ ನಾಲ್ಕು ಮೂಲೆಗೂ ಕಲ್ಲಿಟ್ಟಳು. ಅಪ್ಪನ ಪೆನ್ಸಿಲು ಗುರುತು ಹಿಡಿದು ಅವಳ ಮುಖ ಅರಳಿತು. ಮೇಷ್ಟ್ರು ಬಾಯಿಪಾಠ ನೆನಪಿಸಿಕೊಂಡರು. ಅವಳ ಬೆರಳು ಪೂರ್ವದ ಗೋಡೆಯ ಚಿತ್ರದ ಮೇಲೆ ಎಡದಿಂದ ಬಲಕ್ಕೆ ಹೋಯಿತು, ಬಲದಿಂದ ಎಡಕ್ಕೆ ಬಂತು. ಗೆರೆ ಇರಲಿಲ್ಲ. ಕೆಳಗೆ ನಾಲ್ಕು ಸಾಲು ಬರವಣಿಗೆ ಇತ್ತು.

"ಗಟ್ಟಿಯಾಗಿ ಓದಮ್ಮ," ಅಂದರು ಸಮಿತಿಯವರೊಬ್ಬರು. "ದಾಖಲೆಗೆ ಬೇಕು."

ಅವಳು ಓದಿದಳು. "ಮುಂದೆ ಈ ಗುಂಡಿ ತೆರೆಯುವವರಿಗೆ. ಪೂರ್ವದ ಗೋಡೆಯಲ್ಲಿ ಓರೆಗೆರೆ ಇತ್ತೆಂದು ಯಾರಾದರೂ ಹೇಳಿದರೆ ನಂಬಬೇಡಿ. ಹಾಗೆ ಬರೆದಿದ್ದವನು ನಾನೇ, ತಪ್ಪು ನನ್ನದೇ. ನನ್ನ ಅಣ್ಣ ಹೇಳಿದ್ದು ಸರಿ." ಕೆಳಗೆ ಸಹಿ, ತಾರೀಕು. ತಾರೀಕಿನ ಪಕ್ಕದಲ್ಲಿ, ಎಲ್ಲ ಹಾಳೆಗಳಲ್ಲೂ ತಮ್ಮ ತಪ್ಪದೆ ಬರೆಯುತ್ತಿದ್ದ ಹಾಗೆ, ಗಂಟೆ: ಬೆಳಗ್ಗೆ ಎಂಟೂವರೆ.

ಎಂಟೂವರೆಗೆ ಮೇಷ್ಟ್ರು ನಿರ್ದೇಶಕರ ವರಾಂಡದಲ್ಲಿ ಕೂತಿದ್ದರು. ಕಾಗದ ಇನ್ನೂ ಜೇಬಿನಲ್ಲಿತ್ತು. ಆ ಹೊತ್ತಿಗೆ ತಮ್ಮ ಗುಂಡಿಗೆ ಇಳಿದು, ಗೋಡೆ ಕತ್ತರಿಸಿರುವುದನ್ನು ನೋಡಿ, ಅದು ಯಾರ ಕೆಲಸ ಅಂತ ಅರ್ಥಮಾಡಿಕೊಂಡು, ಆದರೂ ಇದನ್ನು ಬರೆದಿದ್ದ. ಜೀವಮಾನದಲ್ಲಿ ಅವನು ಬರೆದ ಒಂದೇ ಒಂದು ಸುಳ್ಳು, ಅದೂ ಅಣ್ಣನಿಗಾಗಿ. ಅದನ್ನೇ ಹೇಳಬೇಕು ಅಂತ ಬೆಳಗ್ಗೆ ಅಣ್ಣನನ್ನು ಹುಡುಕಿರಬೇಕು. ನಿರ್ದೇಶಕರ ಮನೆಗೆ ಹೋಗುವ ಮುಂಚೆ ಒಮ್ಮೆ ಗುಂಡಿಯ ಹತ್ತಿರ ಹೋಗಿದ್ದರೆ ಸಾಕಿತ್ತು. ದೀಪವೂ ಇರುತ್ತಿತ್ತು, ತಮ್ಮನೂ ಇರುತ್ತಿದ್ದ. ಮೇಷ್ಟ್ರಿಗೂ ದುಃಖವಾಯಿತು, ಇಲ್ಲ ಅನ್ನಬಾರದು.

"ದೊಡ್ಡಪ್ಪ." ತಮ್ಮನ ಮಗಳ ತುಟಿ ಒಣಗಿತ್ತು. "ಅವತ್ತು ನೀವಿದ್ರಿ. ಈ ಹಾಳೆ ಬಿಡಿ, ಸಮಿತಿ ಬಿಡಿ. ನನ್ನಪ್ಪನ ಮೇಲೆ ಆಣೆ ಇಟ್ಟು ಹೇಳಿ. ಗೆರೆ ಇತ್ತಾ?"

ಇತ್ತು ಅನ್ನುವುದು ಎಷ್ಟು ಹೊತ್ತಿನ ಕೆಲಸ? ಮೇಷ್ಟ್ರು ಬಾಯಿ ತೆರೆದರು. ಆ ಎರಡಕ್ಷರ ನಾಲಗೆಯ ತುದಿಗೂ ಬಂತು. ಅಷ್ಟರಲ್ಲಿ ಒಂಬತ್ತು ದಿನದಿಂದ ಎದೆ ಮೇಲೆ ಕೂತಿದ್ದ ಭಾರ ಇಳಿದದ್ದು ಅವರ ಗಮನಕ್ಕೆ ಬಂತು. ಎಷ್ಟು ಹಗುರ. ಹಸಿವು ಕೂಡ ಆಗುತ್ತಿತ್ತು.

"ಇರಲಿಲ್ಲ, ಮಗಳೇ," ಅಂದರು.

ಅವಳು ಕಲ್ಲುಗಳನ್ನು ಒಂದೊಂದಾಗಿ ಎತ್ತಿ ಹಾಳೆಯನ್ನು ಸುರುಳಿ ಸುತ್ತಿದಳು. "ನಿಮ್ಮ ಹೆಸರಿಗೆ ಮಸಿ ಬಳಿಯೋಕೆ ಹೋಗಿದ್ದೆ. ಕ್ಷಮಿಸಿ ದೊಡ್ಡಪ್ಪ," ಅಂದಳು.

"ಹೋಗಲಿ ಬಿಡು. ಕೊನೆಗಾದ್ರೂ ಸತ್ಯ ಬರೆದಿದಾನಲ್ಲ, ಅದಕ್ಕೆ ಸಂತೋಷಪಡು," ಅಂದು ಮೇಷ್ಟ್ರು ಅವಳ ತಲೆ ಸವರಿದರು. ಕೈಗೆ ಮಣ್ಣು ಹತ್ತಿತು, ಕರವಸ್ತ್ರದಲ್ಲಿ ಒರೆಸಿಕೊಂಡರು.

ಮಾರನೇ ವಾರ ಅವಳು ಪ್ರಬಂಧ ವಾಪಸ್ ತೆಗೆದುಕೊಂಡಳು. ದಿಕ್ಕಿಲ್ಲದ ಹುಡುಗಿ, ಎಲ್ಲಿಗೆ ಹೋಗುತ್ತಾಳೆ ಅಂತ ಮೇಷ್ಟ್ರೇ ದೊಡ್ಡ ಮನಸ್ಸು ಮಾಡಿ ಸಂಗ್ರಹಾಲಯದಲ್ಲಿ ಕೆಲಸ ಕೊಡಿಸಿದರು, ಗಾಜಿನ ಪೆಟ್ಟಿಗೆಗಳಿಗೆ ಚೀಟಿ ಬರೆಯುವ ಕೆಲಸ. ಜನ ಮೇಷ್ಟ್ರನ್ನು ದೇವರಂಥ ಮನುಷ್ಯ ಅಂದರು.

ಉದ್ಘಾಟನೆಯ ಹಿಂದಿನ ದಿನ ಅವರು ಸಂಗ್ರಹಾಲಯಕ್ಕೆ ತಂದಿಟ್ಟ ದೀಪದ ಪೆಟ್ಟಿಗೆಯ ಪಕ್ಕಕ್ಕೇ ಇನ್ನೊಂದು ಪೆಟ್ಟಿಗೆ ಇಡಿಸಿ, ಅದರಲ್ಲಿ ತಮ್ಮನ ಹಾಳೆಯನ್ನು ಹರಡಿಸಿದರು. ಅದಕ್ಕೆ ಚೀಟಿ ಬೇಕಲ್ಲ. ಮೇಷ್ಟ್ರು ಹೇಳುತ್ತ ಹೋದರು, ಅವಳು ಪೆನ್ಸಿಲಿನಲ್ಲಿ ಬರೆಯುತ್ತ ಹೋದಳು: "ತನ್ನ ತಪ್ಪನ್ನು ತಾನೇ ಒಪ್ಪಿಕೊಂಡ ನಕ್ಷೆಗಾರನ ಹಾಳೆ." ಬರೆದು ಮುಗಿಸಿ ಅವರ ಕಡೆ ಚಾಚಿದಳು.

"ಸರಿಯಾಗಿದೆಯಾ ದೊಡ್ಡಪ್ಪ?"

ಮೇಷ್ಟ್ರು ಕನ್ನಡಕ ಏರಿಸಿ, ಚೀಟಿಯನ್ನು ದೀಪದ ಪೆಟ್ಟಿಗೆಯ ಬೆಳಕಿಗೆ ಹಿಡಿದು ನೋಡಿದರು.

"ಎರಡನೇ ಸಾಲು ಸ್ವಲ್ಪ ಓರೆಯಾಗಿದೆ," ಅಂದರು. "ಅಳಿಸಿ ಬರಿ."

ಅವಳು ಅಳಿಸಿದಳು.