ಪವರ್ ಇಲ್ಲದ ಕನ್ನಡಕ

ನಾನು ಒಂದು ಕನ್ನಡಕ. ಹುಟ್ಟಿದ್ದು ಬೆಂಗಳೂರಿನ ಪೇಟೆಯ ಗಲ್ಲಿಯೊಂದರಲ್ಲಿ, ಇಬ್ಬರು ನಿಂತರೆ ಮೂರನೆಯವರಿಗೆ ಜಾಗವಿಲ್ಲದ ಅಂಗಡಿಯಲ್ಲಿ. ದಪ್ಪ ಕಪ್ಪು ಫ್ರೇಮು, ಕಿವಿಗೆ ಸಿಕ್ಕಿಸುವ ಕಡ್ಡಿಗಳು, ಎಲ್ಲವೂ ಸರಿಯಾಗಿಯೇ ಇದ್ದವು. ಗಾಜು ಕೂರಿಸುವ ಹೊತ್ತಿಗೆ ಮೇಕಪ್ ಕೆಲಸದ ಶಿವಲಿಂಗಣ್ಣ ಬಂದ. "ಇದಕ್ಕೆ ಪವರ್ ಬೇಡ ಸ್ವಾಮಿ, ಬರೀ ಗಾಜು ಹಾಕಿ. ಸೀರಿಯಲ್ಲಿಗೆ" ಎಂದ. ಅಲ್ಲಿಗೆ ನನ್ನ ಹಣೆಬರಹ ಮುಗಿಯಿತು. ಯಾರ ಕಣ್ಣಿಗೂ ಉಪಕಾರವಿಲ್ಲದ ಕನ್ನಡಕವಾಗಿ ಅಂಗಡಿಯಿಂದ ಹೊರಬಿದ್ದೆ.

ನನ್ನನ್ನು ಹಾಕಿಕೊಂಡವಳು ಪ್ರಫುಲ್ಲಾ. ಆಗ ಅವಳಿಗೆ ಮೂವತ್ತೊಂದು. 'ಸುಬ್ಬತ್ತೆ ದರ್ಬಾರು' ಎಂಬ ಹಾಸ್ಯ ಧಾರಾವಾಹಿಯಲ್ಲಿ ಅರವತ್ತು ದಾಟಿದ ಅತ್ತೆಯ ಪಾತ್ರ. ತಲೆಗೆ ಬಿಳಿ ಬಣ್ಣ, ಸೊಂಟಕ್ಕೆ ದಿಂಬು, ಮೂಗಿನ ಮೇಲೆ ನಾನು. ಮೊದಲ ದಿನವೇ ಮಾತು ಮರೆತುಹೋಯಿತು. ಏನು ಮಾಡುವುದೆಂದು ತೋಚದೆ ನನ್ನನ್ನು ಬೆರಳಿನಿಂದ ಮೂಗಿನ ತುದಿಗೆ ಜಾರಿಸಿ, ಮೇಲಿನಿಂದ ಸೊಸೆಯನ್ನು ದಿಟ್ಟಿಸಿದಳು. ಕ್ಯಾಮೆರಾ ಹಿಂದೆ ನಿಂತವನೇ ನಕ್ಕುಬಿಟ್ಟ. ಅಂದಿನಿಂದ ಆ ನೋಟವೇ ಸುಬ್ಬತ್ತೆಯ ಗುರುತಾಯಿತು. ಏಳು ವರ್ಷ, ವಾರಕ್ಕೆ ಐದು ದಿನ. ಮದುವೆಮನೆಗೆ ಹೋದರೆ ಊಟಕ್ಕೆ ಕೂತವರು ಎಲೆ ಬಿಟ್ಟು ಎದ್ದು ಬಂದು, "ಒಂದ್ಸಲ ಹಾಗೆ ನೋಡಿ ಮೇಡಂ" ಎನ್ನುತ್ತಿದ್ದರು. ಅದಕ್ಕೆಂದೇ ಅವಳು ನನ್ನನ್ನು ಸದಾ ಕೈಚೀಲದಲ್ಲಿ ಇಟ್ಟುಕೊಂಡಿರುತ್ತಿದ್ದಳು. ನನಗೂ ಜಂಬವಿತ್ತು, ಸುಳ್ಳೇಕೆ ಹೇಳಲಿ.

ಆದರೆ ಮೂಗಿನ ಮೇಲೆ ಕೂತವರಿಗೆ ಟೀವಿಯಲ್ಲಿ ಕಾಣದ್ದೂ ಕಾಣುತ್ತದೆ. ಬಣ್ಣದ ಕೆಳಗೆ ಅವಳ ಕಣ್ಣುಗಳು ದಿನದಿನಕ್ಕೆ ಗುಳಿ ಬೀಳುತ್ತಿದ್ದವು. ಅಮ್ಮ ತೀರಿಕೊಂಡ ವಾರವೂ ಬಂದು ನಗಿಸಿ ಹೋದಳು. ಆಮೇಲೆ ಅವಳಿಗೆ ನಿದ್ದೆ ಬರುವುದೇ ನಿಂತಿತು. ಜೊತೆಯ ನಟಿಯೊಬ್ಬಳು ಅವಳನ್ನು ಊರಾಚೆಯ ಗುಡ್ಡದ ಮೇಲಿದ್ದ ಅನಾವರಣ ಪಂಥದ ಆಶ್ರಮಕ್ಕೆ ಕರೆದುಕೊಂಡು ಹೋದಳು. ಅಲ್ಲಿ ಪ್ರತಿ ಭಾನುವಾರ 'ಕೇಳುಗರು' ಎಂಬ ಹಿರಿಯರ ಮುಂದೆ ಕೂತು ತನ್ನ ತಪ್ಪುಗಳನ್ನೆಲ್ಲ ಹೇಳಬೇಕು, ಅವರು ಅದನ್ನು ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ. ಮೊದಲ ಸಲ ಹೇಳಿ ಬಂದ ದಿನ ಪ್ರಫುಲ್ಲಾ ಹತ್ತು ತಾಸು ನಿದ್ದೆ ಮಾಡಿದಳು. ಅಲ್ಲಿ ಅವಳಿಗೆ ನೆಮ್ಮದಿ ಸಿಕ್ಕಿದ್ದು ನಿಜ, ಅದನ್ನು ನಾನು ಮುಚ್ಚಿಡುವುದಿಲ್ಲ. ಆ ಖುಷಿಯಲ್ಲೇ ತಂಗಿ ಕಾತ್ಯಾಯಿನಿಯನ್ನೂ ಅವಳ ಗಂಡನನ್ನೂ ಕರೆದುಕೊಂಡು ಹೋದಳು.

ಕಾತ್ಯಾಯಿನಿ ಶಾಲೆಯ ಟೀಚರು. ಒಂಬತ್ತನೇ ವಯಸ್ಸಿನಿಂದ ಕನ್ನಡಕ, ಮೈನಸ್ ಏಳು. ಆಶ್ರಮದ ಬಾಗಿಲಲ್ಲೋ, ಒಂದು ಬಿದಿರಿನ ಬುಟ್ಟಿ. ಹೇಳದೆ ಉಳಿಸಿಕೊಂಡ ತಪ್ಪಿನಿಂದಲೇ ದೃಷ್ಟಿ ಮಂಜಾಗುತ್ತದೆ, ಎಲ್ಲ ಹೇಳಿ ಮುಗಿಸಿದರೆ ಕಣ್ಣು ತಾನಾಗಿ ತಿಳಿಯಾಗುತ್ತದೆ ಎನ್ನುವುದು ಪಂಥದ ನಂಬಿಕೆ. ದೀಕ್ಷೆಯ ದಿನ ಕನ್ನಡಕವನ್ನು ಆ ಬುಟ್ಟಿಗೆ ಹಾಕಬೇಕು, ಮತ್ತೆಂದೂ ಹಾಕಿಕೊಳ್ಳಬಾರದು.

ಕಾತ್ಯಾಯಿನಿ ಬುಟ್ಟಿಯ ಮುಂದೆ ನಿಂತುಬಿಟ್ಟಳು. "ಅಕ್ಕ, ಇದಿಲ್ಲದೆ ನಂಗೆ ಬೋರ್ಡೇ ಕಾಣಲ್ಲ ಕಣೇ."

"ನಂಗೆ ನಿದ್ದೆ ಬಂತಲ್ವಾ? ನಿಂಗೂ ಕಣ್ಣು ಬರುತ್ತೆ. ಹಾಕು."

ಆ ಮಾತನ್ನು ನಾನು ಕೈಚೀಲದೊಳಗಿಂದ ಕೇಳಿದೆ. ಬುಟ್ಟಿಗೆ ಗಾಜು ಬಿದ್ದ ಸದ್ದನ್ನೂ ಕೇಳಿದೆ. ನಾನೂ ಕನ್ನಡಕವೇ ಅಲ್ಲವೇ, ಆ ಸದ್ದು ನನ್ನ ಗಾಜಿಗೂ ತಾಕಿತು.

ಆಮೇಲೆ ನನ್ನ ಸರದಿ ಬಂತು. "ಊರೆಲ್ಲ ನಿಮ್ಮನ್ನ ನೋಡುತ್ತೆ. ನಮ್ಮವರೇ ಕನ್ನಡಕ ಹಾಕ್ಕೊಂಡು ಕೂತ್ರೆ ಹೇಗಮ್ಮ?" ಎಂದರು ಕೇಳುಗರು. ಅದರಲ್ಲಿ ಪವರ್ ಇಲ್ಲ, ಬರೀ ಗಾಜು ಎಂದಳು ಪ್ರಫುಲ್ಲಾ. "ನೋಡೋರಿಗೆ ಅದು ಗೊತ್ತಾ?" ಎಂದರು ಅವರು. ಬುಟ್ಟಿಗೆ ಹಾಕಿದೆ ಎಂದು ಅವರಿಗೆ ಹೇಳಿ, ನನ್ನನ್ನು ಮನೆಯ ಬೀರುವಿನಲ್ಲಿ ಸೀರೆಗಳ ಅಡಿಗೆ ತಳ್ಳಿದಳು. ಎಲ್ಲವನ್ನೂ ಹೇಳಿಕೊಂಡವಳು ಹೇಳದೆ ಉಳಿಸಿಕೊಂಡದ್ದು ನನ್ನೊಬ್ಬನನ್ನೇ. ನಾನಿಲ್ಲದೆ ಸುಬ್ಬತ್ತೆ ಕಳೆಗಟ್ಟಲಿಲ್ಲ. "ಮುಖ ಅದೇ ಮೇಡಂ, ಸುಬ್ಬತ್ತೆ ಮಾತ್ರ ಬರ್ತಿಲ್ಲ" ಎಂದು ಶಿವಲಿಂಗಣ್ಣ ಬಾಯಿಬಿಟ್ಟೇ ಹೇಳಿದ. ನಾಲ್ಕು ತಿಂಗಳಲ್ಲಿ ಧಾರಾವಾಹಿ ನಿಂತಿತು.

ಎರಡು ವರ್ಷ ಕತ್ತಲಲ್ಲಿ ನುಸಿಗುಳಿಗೆಯ ವಾಸನೆ ಕುಡಿಯುತ್ತಾ ಬಿದ್ದಿದ್ದೆ. ಅಷ್ಟರಲ್ಲಿ ಕಾತ್ಯಾಯಿನಿಯ ಟೀಚರ್ ಕೆಲಸ ಹೋಗಿತ್ತು. ಮಕ್ಕಳ ದನಿಯ ಗುರುತಿನ ಮೇಲೆ ಹಾಜರಿ ಕರೆಯುವುದನ್ನೇನೋ ಕಲಿತಿದ್ದಳು, ಪರೀಕ್ಷೆಯ ಉತ್ತರ ತಿದ್ದುವುದು ಹೇಗೆ? ಮಂಕಾಗಿ ಕೂತ ತಂಗಿಯನ್ನು ಒಮ್ಮೆ ನಗಿಸೋಣವೆಂದು ಪ್ರಫುಲ್ಲಾ ನನ್ನನ್ನು ಹೊರತೆಗೆದಳು. ಸುಬ್ಬತ್ತೆಯ ಆ ನೋಟ ಎಂದರೆ ಕಾತ್ಯಾಯಿನಿ ಬಿದ್ದುಬಿದ್ದು ನಗುತ್ತಿದ್ದ ಕಾಲವೊಂದಿತ್ತು.

ಬೆಳಿಗ್ಗೆ ಹನ್ನೊಂದು ಗಂಟೆ. ಕಾತ್ಯಾಯಿನಿ ಕಿಟಕಿಯ ಬಳಿ ಕೂತು ಕೊತ್ತಂಬರಿ ಸೊಪ್ಪು ಬಿಡಿಸುತ್ತಿದ್ದಳು. ಪ್ರಫುಲ್ಲಾ ಎದುರು ಕೂತು ನನ್ನನ್ನು ಹಾಕಿಕೊಂಡು, ಮೂಗಿನ ತುದಿಗೆ ಜಾರಿಸಿ, ಮೇಲಿನಿಂದ ದಿಟ್ಟಿಸಿದಳು. ನಡುವೆ ನಾಲ್ಕಡಿಯೂ ಇರಲಿಲ್ಲ.

"ಮಾತಾಡಕ್ಕ. ಯಾಕೆ ಸುಮ್ನೆ ಕೂತೆ?" ಎಂದಳು ಕಾತ್ಯಾಯಿನಿ.

"ನನ್ನ ಮುಖದಲ್ಲಿ ಏನಿದೆ ಹೇಳು ನೋಡೋಣ."

ಅವಳು ಕಣ್ಣು ಕಿರಿದು ಮಾಡಿ ನೋಡಿದಳು. "ಕಾಡಿಗೆ ಜಾಸ್ತಿಯಾಯ್ತೇನೋ."

ಪ್ರಫುಲ್ಲಾ ನನ್ನನ್ನು ಮೂಗಿನಿಂದ ತೆಗೆದಳು. ನಡಿ, ಈಗಲೇ ಹೊಸ ಕನ್ನಡಕ ಮಾಡಿಸೋಣ ಎಂದಳು. ಕಾತ್ಯಾಯಿನಿ ಜಗ್ಗಲಿಲ್ಲ.

"ಏನೋ ಒಂದು ತಪ್ಪು ಇನ್ನೂ ಹೇಳದೆ ಉಳಿದಿದೆಯಂತೆ. ಹುಡುಕ್ತಾ ಇದ್ದೀನಿ ಅಕ್ಕ. ನೆನಪಿಗೆ ಬರ್ತಿಲ್ಲ."

"ತಪ್ಪು ನಿಂದಲ್ಲ ಕಾತಿ, ನಂದು."

"ನೀನೇ ಅಲ್ವಾ ಕರ್ಕೊಂಡು ಹೋಗಿದ್ದು. ಈಗ ಹಾಗಂದ್ರೆ ಹೇಗೆ?"

ಅದೇ ಮಧ್ಯಾಹ್ನ ಪ್ರಫುಲ್ಲಾ ನನ್ನನ್ನು ಹಾಕಿಕೊಂಡೇ ಆಶ್ರಮದ ಮೆಟ್ಟಿಲು ಹತ್ತಿದಳು. ತಂಗಿಯ ಕನ್ನಡಕ ಕೊಡಿ ಎಂದಳು. ಕೇಳುಗರು ಕೂಗಾಡಲಿಲ್ಲ. ಅವಳ ಹೆಸರಿನ ಪುಸ್ತಕ ತಂದು ಮೇಜಿನ ಮೇಲಿಟ್ಟು, "ನೀವು ಹೇಳಿದ್ದೆಲ್ಲ ಇದರಲ್ಲಿದೆ, ನೆನಪಿರಲಿ" ಎಂದರು ಅಷ್ಟೇ. ಮರುವಾರ ಅವಳು ಪತ್ರಿಕೆಯವರನ್ನು ಕರೆದು, ಬುಟ್ಟಿಯ ಕಥೆಯನ್ನೂ ತಂಗಿಯ ಕಣ್ಣಿನ ಕಥೆಯನ್ನೂ ಹೇಳಿದಳು. ಅದರ ಮರುವಾರ ಅವಳು ನಂಬಿ ಹೇಳಿಕೊಂಡದ್ದೆಲ್ಲ ವಾರಪತ್ರಿಕೆಯೊಂದರಲ್ಲಿ ಅಚ್ಚಾಯಿತು. ಮದುವೆಯಾದ ನಿರ್ದೇಶಕನನ್ನು ಪ್ರೀತಿಸಿದ್ದು, ಸೊಸೆಯ ಪಾತ್ರದವಳ ಮೇಲೆ ಹೊಟ್ಟೆಕಿಚ್ಚು ಪಟ್ಟಿದ್ದು, ಎಲ್ಲ. ಕೇಳಿದವರಿಗೆ, "ಹೌದು, ನಾನೇ ಹೇಳಿದ್ದು" ಎಂದಳು. ಕೇಳುವವರಿಗೇ ಬೇಸರ ಬರುವವರೆಗೆ ಹಾಗೇ ಹೇಳಿದಳು. ನಿರ್ಮಾಪಕರು ಫೋನ್ ತೆಗೆಯುವುದನ್ನು ಬಿಟ್ಟರು. ಅದನ್ನೆಲ್ಲ ತಡೆದುಕೊಂಡಳು. ತಡೆಯಲಾಗದ್ದು ಒಂದೇ. ಪಂಥ ಬಿಟ್ಟವರೊಡನೆ ಒಳಗಿದ್ದವರು ಮಾತಾಡುವಂತಿಲ್ಲ, ಅವರ ಹೆಸರನ್ನೂ ಎತ್ತುವಂತಿಲ್ಲ. ಕಾತ್ಯಾಯಿನಿ ಅಕ್ಕನಿಗೆ ಬಾಗಿಲು ಹಾಕಿದಳು.

ಅಮ್ಮ ಹೋದ ಮೇಲೆ ತಂಗಿಗೆ ತವರಿನ ಗೌರಿ ಬಾಗಿನ ಕಳಿಸುವುದು ಪ್ರಫುಲ್ಲಾಳ ಪಾಲಿಗೆ ಬಂದಿತ್ತು. ಅದನ್ನು ಅವಳು ನಿಲ್ಲಿಸಲಿಲ್ಲ. ಪ್ರತಿ ವರ್ಷ ಮೊರದಲ್ಲಿ ಅಕ್ಕಿ, ಬೇಳೆ, ಬಳೆ, ಬಾಚಣಿಗೆ, ರವಿಕೆ ಕಣ, ಅವುಗಳ ನಡುವೆ ಮೈನಸ್ ಏಳರ ಹೊಸ ಕನ್ನಡಕ. ಶಿವಲಿಂಗಣ್ಣ ಸ್ಕೂಟರಿನಲ್ಲಿ ಒಯ್ಯುತ್ತಿದ್ದ, ಹಾಗೇ ವಾಪಸ್ ತರುತ್ತಿದ್ದ. "ಬಾಗಿಲು ತೆಗೀಲಿಲ್ಲ ಮೇಡಂ." ಬೀರುವಿನಲ್ಲಿ ನನ್ನ ಪಕ್ಕಕ್ಕೆ ಒಂದೊಂದಾಗಿ ಹತ್ತು ಕನ್ನಡಕಗಳು ಬಂದು ಕೂತವು. ಎಲ್ಲಕ್ಕೂ ಪವರ್ ಇತ್ತು, ಒಂದಕ್ಕೂ ಮುಖವಿರಲಿಲ್ಲ. ಅವುಗಳ ಮುಂದೆ ನನಗೆ ಜಂಬ ಪಡಲು ನಾಚಿಕೆಯಾಗುತ್ತಿತ್ತು.

ಪ್ರಫುಲ್ಲಾ ಜಾಹೀರಾತುಗಳಿಗೆ, ಕಾರ್ಟೂನುಗಳಿಗೆ ದನಿ ಕೊಟ್ಟು ದಿನ ದೂಡಿದಳು. ಐವತ್ತು ದಾಟಿದಾಗ ಕಾಗದದಲ್ಲಿ ಬರೆದ ಮಾತು ಕಾಣದಾಯಿತು. ನನ್ನನ್ನು ತೆಗೆದುಕೊಂಡು ಅಂಗಡಿಗೆ ಹೋದಳು. "ಹಳೇ ಫ್ರೇಮು ಮೇಡಂ, ಹೊಸದು ತಗೊಳ್ಳಿ" ಎಂದ ಅಂಗಡಿಯವನು. ಇದಕ್ಕೇ ಹಾಕಿ ಎಂದಳು. ಇಪ್ಪತ್ತು ವರ್ಷದ ಮೇಲೆ ನನಗೆ ಪ್ಲಸ್ ಎರಡು ಪವರ್ ಬಂತು. ಕೊನೆಗೂ ನಾನು ಕನ್ನಡಕವಾದೆ, ಆದರೆ ಸಂಭ್ರಮಪಡುವ ಶಕ್ತಿ ನಮ್ಮಿಬ್ಬರಲ್ಲೂ ಉಳಿದಿರಲಿಲ್ಲ.

ಈ ವರ್ಷದ ಗೌರಿ ಹಬ್ಬದಂದು ಶಿವಲಿಂಗಣ್ಣ ಬರಿಗೈಯಲ್ಲಿ ಬಂದ. "ಹೊಸ್ತಿಲ ಮೇಲೆ ಇಟ್ಟು ಬಂದೆ. ಇಟ್ಕೊಳ್ಳಲಿ, ಬಿಸಾಕಲಿ. ಹೊತ್ತು ತರೋಕೆ ನಂಗೂ ಆಗಲ್ಲ ಮೇಡಂ" ಎಂದ. ಪ್ರಫುಲ್ಲಾ ಅವನಿಗೆ ಊಟ ಬಡಿಸಿದಳು.

ನಾಲ್ಕನೆಯ ದಿನ ಬೆಳಿಗ್ಗೆ ಅವಳು ನನ್ನನ್ನು ಹಾಕಿಕೊಂಡು ಪತ್ರಿಕೆ ಓದುತ್ತಿದ್ದಾಗ ಫೋನ್ ಬಂತು.

"ಅಕ್ಕ." ಹನ್ನೊಂದು ವರ್ಷದ ಮೇಲಿನ ಮೊದಲ ಮಾತು ಅದು. "ಇದು ಸಾಲ್ತಿಲ್ಲ ಕಣೇ. ನನ್ನ ಕಣ್ಣಿನ ಪವರ್ ಜಾಸ್ತಿಯಾಗಿರ್ಬೇಕು."

ಪ್ರಫುಲ್ಲಾ ಪತ್ರಿಕೆ ಕೆಳಗಿಟ್ಟಳು. "ಹಾಕ್ಕೊಂಡ್ಯಾ?" ಎಂದಳು.

"ಇವರು ಆಶ್ರಮಕ್ಕೆ ಹೋದಾಗಲೆಲ್ಲ ಹಾಕ್ಕೊಂಡೆ. ಎದುರು ಮನೆ ಬಾಗಿಲು ಹಸಿರು ಬಣ್ಣದ್ದು ಅಕ್ಕ, ನಂಗೆ ಗೊತ್ತೇ ಇರ್ಲಿಲ್ಲ." ಮತ್ತೆ ಅವಳೇ ಹೇಳಿದಳು, "ಆವತ್ತು ಕರ್ಕೊಂಡು ಹೋದವಳು ನೀನೇ. ಈಗಲೂ ನೀನೇ ಬಂದು ಕರ್ಕೊಂಡು ಹೋಗು."

ಈಗ ನಾನು ಆಟೋದಲ್ಲಿ ಪ್ರಫುಲ್ಲಾಳ ಮೂಗಿನ ಮೇಲೆ ಕೂತಿದ್ದೇನೆ. ಹತ್ತಿರದ್ದು ಓದಲು ಮಾಡಿಸಿದ ಪವರ್ ಇದು, ನನ್ನ ಮೂಲಕ ರಸ್ತೆಯೆಲ್ಲ ಮಂಜುಮಂಜು. ಸಾಲದ್ದಕ್ಕೆ ಅವಳ ಕಣ್ಣೀರು ಬೇರೆ ನನ್ನ ಗಾಜನ್ನು ಒದ್ದೆ ಮಾಡಿದೆ. ನನ್ನನ್ನು ತೆಗೆದಿಡಬೇಕೆಂಬುದು ಅವಳಿಗೆ ಇನ್ನೂ ನೆನಪಾಗಿಲ್ಲ.