ಗಡ್‌ಬಡ್ ತಿಂದ ಗ್ಲಾಸು

ತೊಕ್ಕೊಟ್ಟಿನ ಐಸ್‌ಕ್ರೀಮ್ ಅಂಗಡಿಗೆ ನುಗ್ಗಿದ ಕಳ್ಳ, ಹೋಗುವ ಮೊದಲು ಆರಾಮಾಗಿ ಕೂತು ಒಂದು ಗ್ಲಾಸು ಗಡ್‌ಬಡ್ ಐಸ್‌ಕ್ರೀಮ್ ತಿಂದಿದ್ದ. ಆ ಗ್ಲಾಸು ನಮ್ಮ ಲ್ಯಾಬಿಗೆ ಬಂತು. ಬೆರಳಚ್ಚು ನನ್ನ ವಿಭಾಗ. ಬ್ರಷ್ಷಿನಲ್ಲಿ ಕಪ್ಪು ಪುಡಿ ಸವರಿ, ಹೆಚ್ಚಾದದ್ದನ್ನು ಬಾಯಿಯಿಂದ ಉಫ್ ಎಂದು ಊದಿದೆ. ಇಷ್ಟು ವರ್ಷ ಊದಿದ್ದೇನೆ, ಯಾರೂ ಎಂತದ್ದೂ ಹೇಳಿರಲಿಲ್ಲ.

ಡಿಎನ್‌ಎ ವಿಭಾಗದ ಭಾರ್ಗವಿ ಮೇಡಂ ಓಡಿ ಬಂದರು. "ಎಂತ ವಿಠಲಣ್ಣ, ಊದುವುದಾ? ನಿಮ್ಮ ಎಂಜಲು ಬಿದ್ದ ಮೇಲೆ ಕಳ್ಳನ ಡಿಎನ್‌ಎ ನಾನು ಎಲ್ಲಿ ಹುಡುಕಲಿ? ಮೊದಲು ನಾನು ಹತ್ತಿಯಲ್ಲಿ ಒರೆಸಿ ತೆಗೀಬೇಕು, ಆಮೇಲೆ ನಿಮ್ಮ ಪುಡಿ."

"ನೀವು ಒರೆಸಿದ ಮೇಲೆ ಬೆರಳಚ್ಚು ಎಲ್ಲಿ ಉಳೀತದೆ ಮಾರಾಯ್ರೆ?" ಎಂದೆ.

ಅವರು ಗ್ಲಾಸಿನ ಮೇಲೆ ಬಗ್ಗಿ ಬೈದರು. ನಾನೂ ಬಿಡಲಿಲ್ಲ. ಕೊನೆಗೆ ನಾನು ಬೆರಳಚ್ಚಿನ ಫೋಟೊ ತೆಗೆಯುವ ಮೊದಲೇ ಅವರು ಗ್ಲಾಸನ್ನು ಒರೆಸಿಯೇ ಬಿಟ್ಟರು.

ವರದಿ ಬಂತು. ಗ್ಲಾಸಿನಲ್ಲಿ ಇಬ್ಬರ ಡಿಎನ್‌ಎ ಉಂಟು. ಸಿಬ್ಬಂದಿಯ ಮಾದರಿಯೂ ಲ್ಯಾಬಿನಲ್ಲಿ ಇರುವುದರಿಂದ ಯಾರದ್ದೆಂದು ಕೂಡಲೇ ಗೊತ್ತಾಯಿತು: ಊದಿದವನದ್ದು, ಬೈದವರದ್ದು. ಕಳ್ಳನದ್ದು ನಮ್ಮ ಎಂಜಲಿನಲ್ಲಿ ಮುಳುಗಿಹೋಗಿತ್ತು.

ಇನ್‌ಸ್ಪೆಕ್ಟರ್ ಹರಿಕೃಷ್ಣ ಅದನ್ನು ಪೂರ್ತಿ ಓದಿ, ನಮ್ಮಿಬ್ಬರನ್ನೂ ನೋಡಿ, ಮೆಲ್ಲ ಕೇಳಿದರು: "ಗಡ್‌ಬಡ್ ಹೇಗಿತ್ತು?"

ಆವತ್ತಿನಿಂದ ನಾವಿಬ್ಬರೂ ಮಾಸ್ಕ್ ಹಾಕ್ತೇವೆ. ಮುಖ ಮುಚ್ಚಿಕೊಳ್ಳಲಿಕ್ಕಾದರೂ ಬೇಕಲ್ಲ.